ನಲವತ್ತೊಂದು ಗುಂಡಿಗಳ ಕೋಟು

ಹನ್ನೊಂದು ದಿನದಿಂದ ನಮ್ಮ ಮನೆಯ ಕಿಟಕಿಯ ಕುಂಡದಲ್ಲಿದ್ದ ಗಿಡ ದಿನಕ್ಕೊಂದು ಮಾತ್ರೆ ನುಂಗುತ್ತಿತ್ತು. ನುಂಗಬೇಕಾದವಳು ನಾನು. ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋದ ಕೂಡಲೇ ಹಾಳೆಯಿಂದ ಒಂದನ್ನು ಒತ್ತಿ ತೆಗೆದು, ಬೆರಳಿನಿಂದ ಮಣ್ಣಿನೊಳಕ್ಕೆ ತಳ್ಳಿ, ಮೇಲೆ ಮಣ್ಣು ಸರಿಸಿ, ಒಂದು ಲೋಟ ನೀರು ಗಟಗಟ ಕುಡಿದು ಲೋಟವನ್ನು ಅವಳಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಡುತ್ತಿದ್ದೆ.

ಅವಳು ಶಾಲೆಯಲ್ಲಿ ಲೆಕ್ಕ ಕಲಿಸುವವಳು. ಮಕ್ಕಳ ಮನೆಪಾಠ ನೋಡಿದಂತೆಯೇ ನನ್ನ ಮಾತ್ರೆಯ ಹಾಳೆಯನ್ನೂ ಎತ್ತಿ ನೋಡುತ್ತಿದ್ದಳು. ತಗೊಂಡ್ಯಾ ಎಂದು ಕೇಳುತ್ತಿದ್ದಳು, ಹೂಂ ಎನ್ನುತ್ತಿದ್ದೆ. ಐವತ್ತೊಂದು ವರ್ಷದ ಹೆಂಗಸು, ಹೆತ್ತ ಮಗಳಿಗೆ ಕಣ್ಣು ತಪ್ಪಿಸಿ ಸುಳ್ಳು ಹೇಳುತ್ತಿದ್ದೆ. ನಾಚಿಕೆಯಾಗುತ್ತಿರಲಿಲ್ಲವೇ ಎಂದರೆ ಆಗುತ್ತಿತ್ತು. ಆದರೆ ನಾಚಿಕೆಗಿಂತ ಭಯ ದೊಡ್ಡದಾಗಿತ್ತು. ಅವಳು ಬಾಗಿಲು ದಾಟಿದ ಮೇಲೆ ನಾನು ಗಿಡವನ್ನು ಪರೀಕ್ಷೆ ಮಾಡುತ್ತಿದ್ದೆ. ಎಲೆ ಮಂಕಾಗಿದೆಯೇ, ಬೆಳಕಿನ ಕಡೆ ತಿರುಗುವುದನ್ನು ಮರೆತಿದೆಯೇ ಎಂದು ನೋಡುತ್ತಿದ್ದೆ. ಅದಕ್ಕೆ ಏನೂ ಆಗಿರಲಿಲ್ಲ. ಹೊಸದೊಂದು ಚಿಗುರನ್ನೂ ಬಿಟ್ಟಿತ್ತು. ಆದರೆ ಗಿಡಕ್ಕೆ ಮಕ್ಕಳಿಲ್ಲವಲ್ಲ, ಮರೆಯುವುದಕ್ಕೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ನನ್ನ ಕೆಲಸ ಗುಂಡಿಗೆ ಬಟ್ಟೆ ಹೊದಿಸುವುದು. ಇದೂ ಒಂದು ಕೆಲಸವೇ ಎಂದು ಕೇಳಿದವರು ಹುಬ್ಬೇರಿಸುತ್ತಾರೆ, ಏರಿಸಲಿ. ಒಳ್ಳೆಯ ಕೋಟಿಗೆ ಅದೇ ಕೋಟಿನ ಬಟ್ಟೆಯ ಗುಂಡಿ ಇದ್ದರೆ ಆಗುವ ಲಕ್ಷಣವೇ ಬೇರೆ. ತಗಡಿನ ಒಂದು ಪುಟ್ಟ ಚಿಪ್ಪು ಇರುತ್ತದೆ, ಅದಕ್ಕೊಂದು ಬೆನ್ನು ಇರುತ್ತದೆ. ಬಟ್ಟೆಯನ್ನು ದುಂಡಗೆ ಕತ್ತರಿಸಿ ಚಿಪ್ಪಿನ ಮೇಲೆ ಬಿಗಿಯಾಗಿ ಎಳೆದು, ಅಂಚನ್ನು ಒಳಗೆ ಮಡಚಿ, ಚಿಪ್ಪಿನ ಹೊಟ್ಟೆಯಲ್ಲಿ ಚಿಟಿಕೆ ಹತ್ತಿ ಇಟ್ಟು, ಬೆನ್ನನ್ನು ಕೂರಿಸಿ, ಕೈಯಂತ್ರದಲ್ಲಿ ಒಂದು ಸಲ ಒತ್ತಬೇಕು. ಹತ್ತಿ ಇಡದಿದ್ದರೆ ಗುಂಡಿ ಟೊಳ್ಳು ಸದ್ದು ಮಾಡುತ್ತದೆ. ಇಷ್ಟನ್ನೂ ಕಲಿಸಿದವಳು ನನ್ನ ಅಮ್ಮ. ಈಗ ನಾನು ಒತ್ತುವ ಯಂತ್ರವೂ ಅವಳದೇ, ಹಿಡಿಯ ಮೇಲಿನ ಮರ ಅವಳ ಅಂಗೈಗೆ ಸವೆದದ್ದು.

ಎರಡು ವರ್ಷದ ಹಿಂದೆ ಒಂದು ದಿನ ಬಸ್ಸಿನಲ್ಲಿ ಕೂತಿದ್ದಾಗ ಯಾವ ಕಾರಣವೂ ಇಲ್ಲದೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕೈಕಾಲು ತಣ್ಣಗಾದವು. ಪ್ರಾಣ ಹೋಯಿತು ಎಂದೇ ತಿಳಿದೆ. ಹೃದಯದ ಪರೀಕ್ಷೆ ಮಾಡಿಸಿದರೆ ಕುದುರೆಯ ಹಾಗಿದೆ ಎಂದರು. ಅಂದಿನಿಂದ ಆ ಹೆದರಿಕೆ ಬಾಡಿಗೆ ಕೊಡದ ಬಿಡಾರದವನ ಹಾಗೆ ನನ್ನೊಳಗೇ ಉಳಿದುಬಿಟ್ಟಿತು. ಮಗಳು ಶಾಲೆ ತಲುಪಿದಳೋ ಇಲ್ಲವೋ ಎಂದು ದಿನಾ ಫೋನು ಮಾಡುತ್ತಿದ್ದೆ. ಅವಳು ಎತ್ತದಿದ್ದರೆ ಶಾಲೆಯ ಗುಮಾಸ್ತನಿಗೇ ಮಾಡುತ್ತಿದ್ದೆ. ಕೊನೆಕೊನೆಗೆ ಆ ಪುಣ್ಯಾತ್ಮ ನಾನು ಬಾಯಿ ತೆರೆಯುವ ಮೊದಲೇ, ಇವತ್ತೂ ಬಂದಿದ್ದಾರೆ ಅಮ್ಮಾ, ಎರಡು ಕಾಲಲ್ಲೇ ನಡಕೊಂಡು ಬಂದಿದ್ದಾರೆ ಎನ್ನುತ್ತಿದ್ದ. ಅದೂ ನಗುವ ವಿಷಯವಾಗಿಯೇ ಉಳಿಯಬಹುದಿತ್ತು, ಆದರೆ ನನ್ನ ಕೈ ನಡುಗತೊಡಗಿತು. ನಡುಗುವ ಕೈಯಲ್ಲಿ ಗುಂಡಿಯ ಬಟ್ಟೆ ಓರೆಯಾಗುತ್ತದೆ. ನಾನು ಕೆಲಸಕ್ಕೆ ಹೋಗುವ ದರ್ಜಿ ಅಂಗಡಿಯಲ್ಲಿ ಕತ್ತರಿ ಹಿಡಿಯುವ ಮಾಸ್ಟರು ನನ್ನ ಓರೆ ಗುಂಡಿಗಳನ್ನು ಏನೂ ಹೇಳದೆ ಪಕ್ಕಕ್ಕೆ ಎತ್ತಿಡುತ್ತಿದ್ದರು. ಬಾಯಿಗೆ ಬಂದದ್ದನ್ನು ಆಡುವ ಮನುಷ್ಯ ಬಾಯಿ ಮುಚ್ಚಿಕೊಂಡದ್ದು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಮಗಳೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತಿಗೆ ಅವಸರವಿಲ್ಲದವಳು. ಮಾತ್ರೆ ಹಿಡಿಸಲು ಎರಡು ಮೂರು ವಾರ ಬೇಕು, ಮೊದಮೊದಲು ಹೊಟ್ಟೆ ತೊಳೆಸಬಹುದು, ಹೆದರಿಕೆ ಕೊಂಚ ಹೆಚ್ಚಿದಂತೆಯೂ ಅನ್ನಿಸಬಹುದು, ಏನೇ ಆದರೂ ನನಗೆ ಹೇಳದೆ ನೀವಾಗಿ ನಿಲ್ಲಿಸಬೇಡಿ ಎಂದಳು. ನಾನು ಕೇಳಿದ್ದು ಒಂದೇ ಪ್ರಶ್ನೆ, ಮರೆವು ಬರುತ್ತದೆಯೇ ಎಂದು. ಅವಳು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ಯಾರನ್ನ ಮರೀತೀನಿ ಅಂತ ಭಯ ನಿಮಗೆ?”

ನಾನು ಕೈಚೀಲ ಎತ್ತಿಕೊಂಡು ಎದ್ದುಬಿಟ್ಟೆ. ಉತ್ತರ ಹೇಳಬೇಕೆಂದರೆ ನಲವತ್ತೊಂದು ವರ್ಷ ಹಿಂದಕ್ಕೆ ಹೋಗಬೇಕಿತ್ತು, ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು.

ಆಗ ನನಗೆ ಹತ್ತು ವರ್ಷ. ಮನೆಯ ಮುಂದಿನ ಕೋಣೆಯಲ್ಲಿ ಅಪ್ಪ ಕೋಟು ಹೊಲಿಯುತ್ತಿದ್ದ, ಕಿಟಕಿಯ ಪಕ್ಕ ಅಮ್ಮ ಗುಂಡಿ ಒತ್ತುತ್ತಿದ್ದಳು. ಅಮ್ಮ ಮಾತಿನ ಮಲ್ಲಿ. ಬೀದಿಯಲ್ಲಿ ಹೋಗುವವರ ನಡಿಗೆಯನ್ನು ಕುಳಿತಲ್ಲೇ ಅಣಕಿಸಿ ನನ್ನನ್ನು ಬಿದ್ದು ಬಿದ್ದು ನಗಿಸುತ್ತಿದ್ದಳು. ಆ ವರ್ಷ ಅವಳಿಗೆ ಏನಾಯಿತೋ, ಬಾಗಿಲು ತಟ್ಟಿದರೆ ಬೆಚ್ಚಿ ಬೀಳತೊಡಗಿದಳು. ನಾನು ಶಾಲೆಯಿಂದ ಐದು ನಿಮಿಷ ತಡವಾಗಿ ಬಂದರೆ ಬೀದಿಯ ತುದಿಯಲ್ಲಿ ಬರಿಗಾಲಲ್ಲಿ ನಿಂತಿರುತ್ತಿದ್ದಳು. ಊಟ ಕಡಿಮೆಯಾಯಿತು. ಅಪ್ಪ ಅವಳನ್ನು ಡಾಕ್ಟರಿಗೆ ತೋರಿಸಿ, ಕಂದು ಬಣ್ಣದ ಒಂದು ಸೀಸೆಯ ತುಂಬ ಬಿಳಿಯ ಪುಟ್ಟ ಮಾತ್ರೆಗಳನ್ನು ತಂದ.

ಅಡುಗೆಮನೆಯಲ್ಲಿ ಅತ್ತೆ, ಅಂದರೆ ಅಪ್ಪನ ಅಕ್ಕ, ಯಾರೊಡನೆಯೋ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಆ ಮಾತ್ರೆ ನುಂಗಿದವರು ಮರದ ಬೊಂಬೆಯಾಗಿಬಿಡುತ್ತಾರಂತೆ, ಹೆತ್ತ ಮಕ್ಕಳ ಗುರುತೂ ಇರುವುದಿಲ್ಲವಂತೆ. ಅತ್ತೆಗೆ ಯಾವ ವಿಷಯವೂ ಗೊತ್ತಿಲ್ಲದೇ ಇರುತ್ತಿರಲಿಲ್ಲ, ಗೊತ್ತಿದ್ದದ್ದರಲ್ಲಿ ಒಂದೂ ಸರಿಯಿರುತ್ತಿರಲಿಲ್ಲ. ಅದು ಈಗಿನ ತಿಳುವಳಿಕೆ. ಆಗ ನಾನು ಓಡಿಹೋಗಿ ಅಮ್ಮನ ತೋಳಿಗೆ ಜೋತುಬಿದ್ದೆ, ಆ ಮಾತ್ರೆ ತಗೋಬೇಡ ಎಂದು ಗೋಳಾಡಿದೆ. ಮಾತು ಕೊಡು ಎಂದು ಹಟ ಹಿಡಿದೆ. ಅಮ್ಮ ಯಂತ್ರದ ಹಿಡಿ ಬಿಟ್ಟು ನನ್ನ ಮುಖ ಒರೆಸಿದಳು.

“ನಿನ್ನನ್ನ ಮರೆಸೋ ಮಾತ್ರೆ ನಾನ್ಯಾಕೇ ನುಂಗಲಿ? ಇಲ್ಲ ಕಣೇ, ನುಂಗಲ್ಲ. ಮಾತು ಕೊಟ್ಟೆ.”

ಮರುದಿನ ಬೆಳಿಗ್ಗೆ ನನ್ನ ಕಣ್ಣೆದುರಿಗೇ ಅಪ್ಪ ಅಂಗೈ ಚಾಚಿದ, ಅಂಗೈ ಮೇಲೆ ನಡುವೆ ಗೆರೆಯಿದ್ದ ಬಿಳಿ ಮಾತ್ರೆ. ಅಮ್ಮ ಅದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ, ಎದ್ದು ಹೋಗಿ ಯಂತ್ರದ ಮುಂದೆ ಕೂತಳು. ದಿನವೂ ಹೀಗೆಯೇ ಆಯಿತು. ಕೊಟ್ಟ ಮಾತು ಒಂದು ರಾತ್ರಿಯೂ ಬಾಳಲಿಲ್ಲ ಎಂದು ನಾನು ಅವಳ ಜೊತೆ ಮಾತು ಬಿಟ್ಟೆ. ಹತ್ತು ವರ್ಷದ ಹುಡುಗಿಯ ಸಿಟ್ಟು ಚಿಕ್ಕದು ಎಂದು ಯಾರೂ ತಿಳಿಯಬಾರದು, ಅದಕ್ಕೆ ಕರುಣೆ ಇರುವುದಿಲ್ಲ. ಅತ್ತೆ ಹೇಳಿದ ಹಾಗೆಯೇ ಅಮ್ಮ ದಿನದಿಂದ ದಿನಕ್ಕೆ ಮೌನವಾದಳು. ಅಣಕ ನಿಂತಿತು, ನಗು ನಿಂತಿತು. ನಾನು ಶಾಲೆಯಿಂದ ಬಂದರೂ ಕಿಟಕಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಮರೆತಳು, ಮಾತ್ರೆ ಅವಳನ್ನು ತಿಂದುಹಾಕಿತು ಎಂದು ನಾನು ಒಳಗೊಳಗೇ ತೀರ್ಪು ಬರೆದುಬಿಟ್ಟೆ.

ಆ ದಿನಗಳಲ್ಲಿ ಅವಳು ಕೈಯಾಡಿಸುತ್ತಿದ್ದದ್ದು ಒಂದೇ ಕೆಲಸಕ್ಕೆ, ನನಗೊಂದು ನೀಲಿ ಉಣ್ಣೆಯ ಕೋಟು. ಅಪ್ಪ ಹೊಲಿದುಕೊಟ್ಟಿದ್ದ, ಗುಂಡಿ ಅವಳ ಪಾಲಿಗೆ. ದಿನಕ್ಕೊಂದೇ ಗುಂಡಿ ಮಾಡುತ್ತಿದ್ದಳು. ಎಂಟು ಗುಂಡಿ ಸಾಕಾಗುವ ಕೋಟಿಗೆ ಕುತ್ತಿಗೆಯಿಂದ ಅಂಚಿನವರೆಗೆ ಒತ್ತೊತ್ತಾಗಿ ಹಾಕಿ, ತೋಳುಗಳಿಗೂ ಹಾಕಿ, ಒಟ್ಟು ನಲವತ್ತೊಂದು ಮಾಡಿದಳು. ಇದರ ಗುಂಡಿ ಹಾಕಿ ಮುಗಿಸುವಷ್ಟರಲ್ಲಿ ಶಾಲೆಯೇ ಬಿಟ್ಟಿರುತ್ತದೆ ಎಂದು ಅಪ್ಪ ತಮಾಷೆ ಮಾಡಿದ. ಅಮ್ಮ ನಗಲಿಲ್ಲ. ಕೋಟನ್ನು ನನ್ನ ಕೈಗೆ ಕೊಡುವಾಗ ಮಾತ್ರ ಬಾಯಿ ತೆರೆದಳು.

“ಮುಂದೆ ಯಾವತ್ತಾದ್ರೂ ಒಂದು ಗುಂಡಿ ಬಿಚ್ಚಿ ನೋಡು. ನಾನು ಹೇಗೆ ಮಾಡಿದೀನಿ ಅಂತ ನಿನಗೇ ಗೊತ್ತಾಗುತ್ತೆ.”

ಕಸುಬು ಕಲಿಸುತ್ತಿದ್ದಾಳೆ ಎಂದುಕೊಂಡೆ. ನನಗೆ ನಿನ್ನ ಕಸುಬೂ ಬೇಡ, ನೀನೂ ಬೇಡ ಎಂದುಕೊಂಡೆ. ಒಂದು ದಿನ ಆ ಕೋಟು ಹಾಕಿಕೊಂಡು ಹೋದೆ. ಶಾಲೆಯಲ್ಲಿ ಹುಡುಗಿಯರು ನನ್ನನ್ನು ಸುತ್ತುವರಿದು ಗುಂಡಿಗಳನ್ನು ಎಣಿಸಿ ಕೇಕೆ ಹಾಕಿದರು. ಬರುವಾಗ ಮಳೆ ಹನಿಯಿತು. ಮನೆಗೆ ಬಂದು ಅದನ್ನು ಪೆಟ್ಟಿಗೆಗೆ ಎಸೆದೆ. ಅಮ್ಮ ಕಿಟಕಿಯ ಬಳಿಯಿಂದ ನೋಡುತ್ತಿದ್ದಳು.

ಕೋಟು ಮುಗಿದ ದಿನವೇ ಅಪ್ಪ ಮಾತ್ರೆ ನಿಲ್ಲಿಸಿದ. ಇಷ್ಟು ದಿನ ಕೊಟ್ಟು ಇವಳು ಇನ್ನಷ್ಟು ಕೆಟ್ಟಳೇ ಹೊರತು ಸುಧಾರಿಸಲಿಲ್ಲ ಎಂದು ಸೀಸೆಯನ್ನು ಹಿತ್ತಲಿಗೆ ಎಸೆದ. ಅಮ್ಮ ಬರುಬರುತ್ತಾ ಊಟವನ್ನೇ ಬಿಟ್ಟಳು. ಮುಂದಿನ ಚಳಿಗಾಲಕ್ಕೆ ಎದೆಯಲ್ಲಿ ಕಫ ಕಟ್ಟಿತು, ಸೊರಗಿದ ಶರೀರ ತಡೆಯಲಿಲ್ಲ, ಹೋಗಿಬಿಟ್ಟಳು. ನಾನೇ ಕೈಯಾರೆ ಆ ವಿಷ ಕುಡಿಸಿದೆ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ನಾನು ಒಂದು ದಿನವೂ ಅಲ್ಲ ಅನ್ನಲಿಲ್ಲ. ನನ್ನ ಅಭಿಪ್ರಾಯವೂ ಅದೇ ಆಗಿತ್ತು.

ಇಷ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡವಳು ಮಾತ್ರೆ ನುಂಗು ಎಂದರೆ ನುಂಗುತ್ತಾಳೆಯೇ? ನನ್ನ ಗಂಡ ಹೋಗಿ ಆರು ವರ್ಷವಾಯಿತು, ನನಗೆ ಉಳಿದಿರುವುದು ಮಗಳೊಬ್ಬಳು. ಹೆದರಿಕೊಂಡೇ ಬದುಕಿದರೂ ಸರಿ, ಅವಳ ಮುಖ ನೋಡಿ ಯಾರಿವಳು ಎನ್ನುವ ಹಾಗೆ ಆಗಬಾರದು. ಡಾಕ್ಟರು ಹೇಳಿದ್ದು ತಲೆಗೆ ಗೊತ್ತಿತ್ತು. ನನ್ನ ಭಯಕ್ಕೆ ತಲೆಯ ಜೊತೆ ಮಾತುಕತೆ ಇರಲಿಲ್ಲ.

ಹನ್ನೆರಡನೆಯ ದಿನ ಅಂಗಡಿಗೆ ಒಬ್ಬ ಮುದುಕಿ ತನ್ನ ತಾಯಿಯ ಕಾಲದ ಉಡುಪೊಂದನ್ನು ತಂದಳು. ಮೊಮ್ಮಗಳಿಗೆ ಸರಿಮಾಡಿ ಕೊಡಬೇಕು, ಹನ್ನೆರಡು ಗುಂಡಿ ಕಳೆದಿವೆ, ಉಳಿದವುಗಳ ಅಳತೆಗೇ ಆಗಬೇಕು ಎಂದಳು. ಬಟಾಣಿ ಕಾಳಿಗಿಂತ ಸ್ವಲ್ಪ ದೊಡ್ಡದು ಅನ್ನಬೇಕು, ಅಷ್ಟು ಸಣ್ಣ ಗುಂಡಿ. ಆ ಅಳತೆಯ ಚಿಪ್ಪು ಬರುವುದು ನಿಂತು ಎಷ್ಟೋ ವರ್ಷವಾಗಿದೆ. ನಿಮ್ಮ ಹಳೇ ಡಬ್ಬಿಗಳಲ್ಲಿ ಎಲ್ಲಾದರೂ ಇದೆಯೇ ನೋಡಿ ಎಂದರು ಮಾಸ್ಟರು. ಡಬ್ಬಿಯಲ್ಲಿ ಇರಲಿಲ್ಲ. ಎಲ್ಲಿದೆ ಎನ್ನುವುದು ನನಗೆ ಗೊತ್ತಿತ್ತು. ನಲವತ್ತೊಂದು ಇದ್ದವು, ಯಾರಿಗೂ ಬೇಡವಾಗಿ.

ಮರುದಿನ ಆ ನೀಲಿ ಕೋಟನ್ನು ಪೆಟ್ಟಿಗೆಯಿಂದ ತೆಗೆದು ಅಂಗಡಿಗೆ ತಂದೆ. ನನ್ನ ಮಣಿಕಟ್ಟಿನವರೆಗೂ ಬಾರದ ತೋಳು, ಇಷ್ಟು ಪುಟ್ಟವಳಿದ್ದೆನೇ ಎನ್ನಿಸಿತು. ಮಾಸ್ಟರು ಗುಂಡಿಗಳ ಸಾಲು ನೋಡಿ, ಇದೇನು ಕೋಟೋ ಜಪಮಾಲೆಯೋ ಎಂದರು. ನಾನು ಕುತ್ತಿಗೆಯ ಗುಂಡಿ ಕತ್ತರಿಸಿ ತೆಗೆದು, ಇಕ್ಕಳದಿಂದ ಬೆನ್ನು ಎಬ್ಬಿಸಿದೆ. ಒಳಗೆ ಹತ್ತಿ ಇರಬೇಕಿತ್ತು. ಬಿಳಿಯದೊಂದು ಬಿಲ್ಲೆ ಮೇಜಿನ ಮೇಲೆ ಬಿತ್ತು.

ದರ್ಜಿಯ ಸೀಮೆಸುಣ್ಣದ ಚೂರು ಎಂದುಕೊಂಡೆ, ಹತ್ತಿ ಮುಗಿದಿತ್ತೇನೋ. ಇನ್ನೊಂದು ಗುಂಡಿ ಬಿಚ್ಚಿದೆ, ಅದರಲ್ಲೂ ಅದೇ. ಮೂರನೆಯದನ್ನು ಬೆಳಕಿಗೆ ಹಿಡಿದೆ. ನಡುವೆ ಒಂದು ಗೆರೆ ಇತ್ತು. ಒಂದು ಅಂಚು ಕರಗಿ, ಒರಟಾಗಿ, ಮತ್ತೆ ಒಣಗಿತ್ತು. ನಾಲಿಗೆಯ ತುದಿಗೆ ಮುಟ್ಟಿಸಿದೆ, ಕಹಿ.

ಅಂಚು ಯಾಕೆ ಕರಗಿದೆ ಎಂದು ಯೋಚಿಸಿದಾಗ ಗೊತ್ತಾಯಿತು, ಅದು ಅಮ್ಮನ ಬಾಯಲ್ಲಿ ಇದ್ದು ಬಂದದ್ದು. ಕೆನ್ನೆಯೊಳಗೆ ಒತ್ತಿಟ್ಟುಕೊಂಡು, ನೀರು ಕುಡಿದು, ಎದ್ದುಹೋಗಿ ಯಂತ್ರದ ಮುಂದೆ ಕೂರುವಷ್ಟು ಹೊತ್ತು. ಅದಕ್ಕೇ ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಬಾಯಿ ತೆರೆಯುತ್ತಿರಲಿಲ್ಲ. ಅಪ್ಪ ಹುಡುಕದ, ಅತ್ತೆ ಹುಡುಕದ ಜಾಗ ಯಾವುದು ಎಂದು ಗುಂಡಿ ಮಾಡುವವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಿನಕ್ಕೊಂದು ಮಾತ್ರೆ, ದಿನಕ್ಕೊಂದು ಗುಂಡಿ.

ಮಾಸ್ಟರು ಹೊಲಿಗೆ ಯಂತ್ರ ನಿಲ್ಲಿಸಿ ಬಂದು ನಿಂತರು. ಏನಿದು ಎಂದು ಕೇಳಿದರು. ನಾನು ಬಿಲ್ಲೆಗಳನ್ನು ಅವರ ಕಡೆ ಸರಿಸಿದೆ. ಅವರು ಸ್ಟೂಲು ಎಳೆದುಕೊಂಡು ಕೂತು, ಇನ್ನೊಂದು ಇಕ್ಕಳ ತೆಗೆದುಕೊಂಡು, ಉಳಿದ ಗುಂಡಿಗಳನ್ನು ಬಿಚ್ಚುವುದಕ್ಕೆ ನೆರವಾದರು. ಅಂಚಿನ ಹತ್ತಿರದ ಒಂದರಲ್ಲಿ ಬರೀ ಪುಡಿ ಇತ್ತು, ಆ ದಿನದ ಮಳೆ ಒಳಗಿಳಿದಿರಬೇಕು. ಉಳಿದ ನಲವತ್ತು ಇಡಿಯಾಗಿದ್ದವು. ಅಮ್ಮ ಒಂದೂ ನುಂಗಿರಲಿಲ್ಲ.

ಅವಳನ್ನು ಮಾತ್ರೆ ತಿಂದಿರಲಿಲ್ಲ. ಅವಳನ್ನು ತಿಂದದ್ದು ಅವಳ ಕಾಯಿಲೆ. ನನಗೆ ಕೊಟ್ಟ ಮಾತು ಉಳಿಸಿಕೊಳ್ಳುವುದಕ್ಕಾಗಿ ಅವಳು ಅದಕ್ಕೆ ಮದ್ದಿಲ್ಲದೆ ಕೂತಿದ್ದಳು. ಮಾತು ಉಳಿಸಿಕೊಂಡ ಗುರುತನ್ನು ನನ್ನ ಮೈಮೇಲೇ ಹಾಕಿ, ಬಿಚ್ಚಿ ನೋಡು ಎಂದೂ ಹೇಳಿದ್ದಳು. ನಾನು ಪೆಟ್ಟಿಗೆಗೆ ಎಸೆದಿದ್ದೆ. ಅಳು ಬರುವ ಮೊದಲು ನನಗೆ ಬಂದದ್ದು ಸಿಟ್ಟು. ಹತ್ತು ವರ್ಷದ ಪೆದ್ದಿಯ ಮಾತಿಗೆ ಪ್ರಾಣ ಕೊಡುತ್ತಾರೆಯೇ? ಒಂದು ಏಟು ಕೊಟ್ಟು, ಸುಮ್ಮನಿರೇ ಎಂದು ಗದರಿ, ನುಂಗಬಾರದಿತ್ತೇ? ಆಮೇಲೆ ಅಳು ಬಂತು. ಅಪ್ಪನನ್ನು ನೆನೆದು ಇನ್ನೂ ಬಂತು. ಆ ಮನುಷ್ಯ ಮಾಡದ ತಪ್ಪನ್ನು ಹೊತ್ತುಕೊಂಡೇ ಹೋದ, ನೀನು ಕುಡಿಸಿದ್ದು ಬರೀ ನೀರು ಅಪ್ಪಾ ಎಂದು ಹೇಳಲು ಈಗ ಅವನಿಲ್ಲ. ಮಾಸ್ಟರು ಅಂಗಡಿಯ ಬಾಗಿಲು ಅರ್ಧ ಎಳೆದು ಹೊರಗೆ ಹೋಗಿ ನಿಂತರು.

ಸಂಜೆ ಮಗಳು ಬರುವಷ್ಟರಲ್ಲಿ ಗುಂಡಿಯಿಲ್ಲದ ಕೋಟನ್ನೂ ಮಾತ್ರೆಗಳನ್ನೂ ಮೇಜಿನ ಮೇಲೆ ಹರಡಿ ಕೂತಿದ್ದೆ. ಚಪ್ಪಲಿ ಬಿಡುವುದನ್ನೂ ಮರೆತು ಅವಳು ಎಲ್ಲವನ್ನೂ ಕೇಳಿದಳು. ಕೊನೆಗೆ ನಾನು ಕಿಟಕಿಯ ಕುಂಡವನ್ನೂ ತಂದು ಅವಳ ಮುಂದೆ ಇಟ್ಟೆ. ಒಂದೂ ತಗೊಂಡಿಲ್ಲ, ಇವತ್ತಿನದೂ ಸೇರಿ ಹದಿಮೂರೂ ಇದರಲ್ಲೇ ಇವೆ ಎಂದೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೆರಳಿನಿಂದ ಮಣ್ಣನ್ನು ಕೆದಕಿದಳು.

“ತಗೋ ತಗೋ ಅಂತ ನಾನೇ ನಿನ್ನ ಹಿಂದೆ ಬಿದ್ದಿದ್ದು. ನಿನಗೇನಾದ್ರೂ ಆಗಿಬಿಟ್ರೆ ನನ್ನಿಂದಲೇ ಆಯ್ತಲ್ಲ ಅಂತ ದಿನಾ ಭಯ ಆಗ್ತಿತ್ತು,” ಎಂದಳು. “ಇನ್ಮೇಲೆ ಹೀಗೆ ಮಾಡಲ್ಲ ಅಂತ ನಂಗೆ ಮಾತು ಕೊಡಮ್ಮ.”

“ಬೇಡ ಕಣೇ. ನನ್ನ ಹತ್ರ ಯಾವ ಮಾತೂ ತಗೋಬೇಡ. ಬೆಳಿಗ್ಗೆ ಪಕ್ಕದಲ್ಲಿ ಕೂತ್ಕೋ, ಅಷ್ಟು ಸಾಕು.”

ಆಮೇಲೆ ಅವಳು ಡಾಕ್ಟರಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದಳು. ಪರವಾಗಿಲ್ಲ, ನಾಳೆಯನ್ನೇ ಮೊದಲನೆಯ ದಿನ ಅಂದುಕೊಳ್ಳಿ, ಎರಡು ವಾರಕ್ಕೆ ಬಂದು ಕಾಣಿ ಎಂದಳಂತೆ.

ಬೆಳಿಗ್ಗೆ ಮಗಳು ನೀರು ತಂದು ಪಕ್ಕದಲ್ಲಿ ಕೂತಳು. ಎತ್ತಿಕೊಂಡ ಲೋಟದ ನೀರು ಕುಲುಕಿ ಮಡಿಲಿಗೆ ಚೆಲ್ಲಿತು. ಇದು ನನಗೆ ಹಿಡಿಸುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಅಮ್ಮನಿಗೂ ಹಿಡಿಸುತ್ತಿತ್ತೋ ಇಲ್ಲವೋ ಯಾರು ಬಲ್ಲರು? ಅವಳು ಅದನ್ನು ತಿಳಿಯುವುದಕ್ಕೆ ನಾನು ಬಿಡಲಿಲ್ಲ, ಅಷ್ಟು ಮಾತ್ರ ಗೊತ್ತು. ಮಾತ್ರೆಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡೆ, ನೀರು ಕುಡಿದೆ, ಗಂಟಲಿನಲ್ಲಿ ಅದು ಇಳಿದದ್ದು ತಿಳಿಯಿತು.

ಮಗಳು ನನ್ನ ಕೈಯಿಂದ ಲೋಟ ತೆಗೆದುಕೊಂಡಳು. ನಾನೇ ಬಾಯಿ ಅಗಲಿಸಿದೆ, ನಾಲಿಗೆ ಎತ್ತಿದೆ, ಎರಡೂ ಕೆನ್ನೆಗಳನ್ನು ಬೆರಳಿನಿಂದ ಎಳೆದು ತೋರಿಸಿದೆ. ಅವಳು ಫೋನಿನ ದೀಪ ಹಚ್ಚಿ, ಹಲ್ಲಿನ ಡಾಕ್ಟರ ಹಾಗೆ ಬಗ್ಗಿ ನೋಡಿ, ಏನೂ ಇಲ್ಲ ಎಂದಳು. ಇಬ್ಬರೂ ನಕ್ಕೆವು, ನನ್ನ ಕಣ್ಣಲ್ಲಿ ಮಾತ್ರ ನೀರು ನಿಲ್ಲಲಿಲ್ಲ. ಆ ದಿನಗಳಲ್ಲಿ ಒಂದು ಬೆಳಿಗ್ಗೆಯಾದರೂ ನಾನು ಅಮ್ಮನ ಬಾಯಿ ತೆರೆಸಿ ಹೀಗೆ ನೋಡಬಹುದಿತ್ತು. ನೋಡಿದ್ದರೆ ಕೆನ್ನೆಯ ಸಂದಿಯಲ್ಲಿ ಆ ಮಾತ್ರೆ ಕಾಣುತ್ತಿತ್ತು, ಕಂಡು ನಾನು ಸಂತೋಷದಿಂದ ಕುಣಿದುಬಿಡುತ್ತಿದ್ದೆ.